ಅಂಗಕಸಿಯೂ ಚರ್ಮವ್ಯಾಧಿಗಳೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಚರ್ಮವೈದ್ಯರೊಬ್ಬರು ಮಾಡಿದ ಭಾಷಣ)



ಕಾಸರಗೋಡಿನ ಈ ಶಾಲೆಯ ಜಗಲಿಯಲ್ಲಿ ಕುಳಿತು ಕನ್ನಡ ಅಕ್ಷರಗಳನ್ನು ತಿದ್ದಿದವರಲ್ಲಿ ನಾವೂ ಒಬ್ಬರು. ಆರೋಗ್ಯದ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಹಲ್ಲುಜ್ಜುವುದು, ಉಗುರು ತೆಗೆಯುವುದು ಮೊದಲಾದ ಸದುಪದೇಶಗಳನ್ನು ಹೇಳಿ ಮುಗಿಸಿಬಿಡಬಹುದಾಗಿತ್ತು. ಅವನ್ನು ನಿಮ್ಮ ಅಧ್ಯಾಪಕರು ನಮಗಿಂತ ಚೆನ್ನಾಗಿ ಹೇಳಬಲ್ಲರು. ನಾವು ಆರಿಸಿಕೊಂಡಿರುವ ವಿಷಯವು ಸ್ವಲ್ಪ ಕಠಿನವಾದದ್ದು. ಅದನ್ನು ಆರಿಸಿಕೊಂಡುದಕ್ಕೆ ಒಂದು ಚೀಟಿ ಕಾರಣ.

ಇಲ್ಲಿಂದ ಬಹಳ ದೂರವಲ್ಲದ ಒಂದು ಊರಿನ ಶಾಲೆಯಲ್ಲಿ ಗಣಿತವನ್ನು ಕಲಿಸುವ ಮಾಸ್ತರರೊಬ್ಬರಿದ್ದಾರೆ. ಅವರ ಎರಡು ಮೂತ್ರಪಿಂಡಗಳೂ ಕೆಟ್ಟುಹೋದಾಗ ಅವರ ಧರ್ಮಪತ್ನಿ ತಮ್ಮದೊಂದನ್ನು ಕೊಟ್ಟು ಅವರನ್ನು ಉಳಿಸಿಕೊಂಡರು. ಕೆಲವು ವರ್ಷಗಳ ಬಳಿಕ ಮಾಸ್ತರರ ಕೈಗಳ ಮೇಲೆ ನರಹುಲಿಗಳು ಎದ್ದವು, ಒಂದೆರಡಲ್ಲ, ಹತ್ತಾರು. ಅದನ್ನು ಕಂಡ ಕೆಲವು ಮಂದಿ ತಾಯ್ತಂದೆಗಳು ಮುಖ್ಯೋಪಾಧ್ಯಾಯರಿಗೆ ಒಂದು ಚೀಟಿಯನ್ನು ಬರೆದರು: ಇದು ಅಂಟುರೋಗವಾಗಿರುವ ಸಂಭವವುಂಟು, ಆದುದರಿಂದ ಈ ಮಾಸ್ತರರು ನಮ್ಮ ಮಕ್ಕಳ ಪುಸ್ತಕಗಳನ್ನು ಮುಟ್ಟಿ ತಿದ್ದಬಾರದು, ಎಂದು. ಮಾಸ್ತರರು ಆ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. ಕೈ ತೋರಿಸುವುದಕ್ಕೆ ಮೊದಲು ಚೀಟಿಯನ್ನು ತೋರಿಸಿದರು. "ಡಾಕ್ಟ್ರೇ, ನನ್ನಿಂದ ಮಕ್ಕಳಿಗೆ ಏನಾದರೂ ಆಗುವುದುಂಟೆ? ಉಂಟಾದರೆ ಹೇಳಿಬಿಡಿ, ನಾನು ರಜೆ ಬರೆದುಕೊಡುತ್ತೇನೆ" ಎಂದರು.

ಆ ಪ್ರಶ್ನೆಗೆ ನಾವು ಅಂದು ಕೊಟ್ಟ ಉತ್ತರ ಎರಡು ಮಾತಿನದು. ಪೂರ್ಣವಾದ ಉತ್ತರವನ್ನು ಕೊಡಬೇಕಾಗಿತ್ತೆಂಬುದು ನಮಗೆ ಆಮೇಲೆ ತಿಳಿಯಿತು. ಅದನ್ನು ಇಂದು, ಅವರ ಅನುಮತಿಯನ್ನು ಪಡೆದು, ನಿಮ್ಮ ಮುಂದೆ ಹೇಳುತ್ತೇವೆ.

ಕಸಿ ಎಂಬ ಮಾತು ನಿಮಗೆ ಹೊಸದಲ್ಲ. ಕಾಟು ಮಾವಿನ ಸಸಿಗೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕಟ್ಟಿದರೆ ಎರಡೂ ಕೂಡಿಕೊಂಡು ಒಂದೇ ಮರವಾಗುತ್ತದೆ. ಗಿಡಗಳು ಈ ವಿಷಯದಲ್ಲಿ ಬಹಳ ಉದಾರ ಸ್ವಭಾವದವು. ಮನುಷ್ಯದೇಹವು ಹಾಗಲ್ಲ. ಅದು ತನ್ನದು ಯಾವುದು, ಪರರದು ಯಾವುದು ಎಂಬುದನ್ನು ಚೆನ್ನಾಗಿ ಬಲ್ಲದು. ಈ ಸತ್ಯವನ್ನು ನಮಗೆ ಮೊದಲು ತಿಳಿಸಿದ್ದು ಚರ್ಮವೇ.

ತನ್ನ ಚರ್ಮವನ್ನು ತನ್ನದೇ ದೇಹದ ಬೇರೊಂದು ಕಡೆಗೆ ಒಯ್ದು ಕೂಡಿಸುವ ವಿದ್ಯೆ ನಮ್ಮ ದೇಶದಲ್ಲಿ ಬಲು ಹಳೆಯದು. ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವಿದೆ. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆಯಲ್ಲಿ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತವಾಗಿ ಅಚ್ಚಾಗಿ, ಅಲ್ಲಿಯ ಶಸ್ತ್ರವೈದ್ಯರನ್ನು ಬೆರಗುಗೊಳಿಸಿತು. ಆದರೆ ಒಬ್ಬರ ಚರ್ಮ ಇನ್ನೊಬ್ಬರಿಗೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬನ ಚರ್ಮದ ತುಣುಕುಗಳನ್ನು ಕೂಡಿಸಲಾಯಿತು. ಅವು ಕೆಲವು ದಿನ ಹಿಡಿದುಕೊಂಡು ಆಮೇಲೆ ಕರಗಿಹೋದವು. ಎರಡನೆಯ ಸಲ ಅದೇ ಸೋದರನ ಚರ್ಮವನ್ನು ಇಟ್ಟಾಗ ಇನ್ನೂ ಬೇಗನೆ ನಾಶವಾದವು. ಪೀಟರ್ ಮೆಡವಾರ್ ಎಂಬ ವಿಜ್ಞಾನಿಯೂ ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರೂ 1943ರಲ್ಲಿ ಇದನ್ನು ಪ್ರಕಟಿಸಿದರು. ದೇಹವು ಮೊದಲನೆಯ ಸಲದ ಪರಿಚಯವನ್ನು ನೆನಪಿನಲ್ಲಿಟ್ಟುಕೊಂಡಿತ್ತು! ಈ ನೆನಪು ರಕ್ತದ ಬಿಳಿಯ ಕಣಗಳದು. ಸಿಡುಬು, ದಡಾರಗಳು ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದು ಯಾವ ನೆನಪಿನಿಂದಲೋ, ಅದೇ ನೆನಪು ಇಲ್ಲಿ ಉಪಕಾರಕ್ಕೆ ಬಂದ ಚರ್ಮವನ್ನೂ ಶತ್ರುವೆಂದು ಬಗೆದು ಹೊಡೆದಟ್ಟಿತು.

1954ರ ದಶಂಬರ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್ ಎಂಬವನ ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡನಿಗೆ ಕಸಿಮಾಡಿ ಯಶಸ್ವಿಯಾದರು. ಅದಕ್ಕೆ ಮೊದಲು ಇಬ್ಬರ ಚರ್ಮವನ್ನು ಅದಲುಬದಲು ಮಾಡಿ ನೋಡಿದ್ದರು. ಒಬ್ಬನ ಚರ್ಮ ಇನ್ನೊಬ್ಬನಲ್ಲಿ ನಿಂತಿತು. ಇಲ್ಲಿಯೂ ಸಾಕ್ಷಿ ನುಡಿದದ್ದು ಚರ್ಮವೇ. ಆದರೆ ತದ್ರೂಪಿ ಅವಳಿಗಳು ಎಷ್ಟು ಮಂದಿಗೆ ಇರುತ್ತಾರೆ? ಉಳಿದವರಿಗಾಗಿ, ದೇಹದ ಕಾವಲನ್ನು ಔಷಧದಿಂದ ತಗ್ಗಿಸಬೇಕಾಯಿತು. ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದ ಅಜಥಯೊಪ್ರಿನ್ ಎಂಬ ಮದ್ದು 1960ರ ದಶಕದಲ್ಲಿ ಈ ಕೆಲಸಕ್ಕೆ ಬಂದಿತು. ಬಳಿಕ ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕಿದ ಒಂದು ಬೂಷ್ಟಿನಿಂದ ಸೈಕ್ಲೊಸ್ಪೊರಿನ್, ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ಟ್ಯಾಕ್ರೊಲಿಮಸ್ ದೊರಕಿದವು. ಇಂದು ಕಸಿಯಾದವರಲ್ಲಿ ಬಹುಮಂದಿ ದಿನವೂ ನುಂಗುವುದು ಇಂಥ ಮಣ್ಣಿನ ಪ್ರಸಾದವನ್ನೇ. ನಮ್ಮ ದೇಶದಲ್ಲಿ 1971ರ ದಶಂಬರದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿಯು ಯಶಸ್ವಿಯಾಯಿತು. ಅಂಗಗಳ ಮಾರಾಟವನ್ನು ನಿಷೇಧಿಸುವ ಕಾನೂನು 1994ರಲ್ಲಿ ಬಂದಿತು. ಆ ವಿಷಯವೇ ಒಂದು ಭಾಷಣಕ್ಕಾಗುವಷ್ಟಿದೆ, ಇಂದು ಬೇಡ.

ಹೀಗೆ ಕಸಿಯಾದವರು ಬದುಕುವುದು ಕಾವಲನ್ನು ಅರ್ಧ ಇಳಿಸಿದ ಮನೆಯಲ್ಲಿ. ಕಾವಲುಗಾರನನ್ನು ಪೂರ್ತಿಯಾಗಿ ಕಳುಹಿಸಿಬಿಟ್ಟರೆ ಕಳ್ಳರ ಕಾಟ. ಪೂರ್ತಿಯಾಗಿ ಇಟ್ಟುಕೊಂಡರೆ ಅವನು ಮನೆಗೆ ಬಂದ ಅತಿಥಿಯನ್ನೇ ಕೊಲ್ಲುತ್ತಾನೆ. ಇವೆರಡರ ನಡುವೆ ಮಾತ್ರೆಯ ತೂಕವನ್ನು ಹಿಡಿದು ನಿಲ್ಲಿಸುವುದೇ ವೈದ್ಯರ ಕೆಲಸ. ಒಳಗೆ ನಡೆಯುವ ಈ ಹೋರಾಟವು ಎಷ್ಟೋ ವೇಳೆ ಮೊದಲು ಕಣ್ಣಿಗೆ ಬೀಳುವುದು ಚರ್ಮದ ಮೇಲೆ.

ಅವುಗಳಲ್ಲಿ ಕೆಲವು ಮದ್ದಿನ ಗುಣದಿಂದಲೇ ಆಗುವಂಥವು. ಸ್ಟಿರಾಯ್ಡ್ ಮಾತ್ರೆಯಿಂದ ಮುಖವು ಹುಣ್ಣಿಮೆಯ ಚಂದ್ರನಂತೆ ಊದಿಕೊಳ್ಳುತ್ತದೆ, ಎದೆಬೆನ್ನುಗಳಲ್ಲಿ ಮೊಡವೆಗಳೇಳುತ್ತವೆ. ಸೈಕ್ಲೊಸ್ಪೊರಿನ್‌ನಿಂದ ವಸಡು ಬೆಳೆದು ಹಲ್ಲನ್ನು ಮುಚ್ಚುವುದುಂಟು. ಹೆಂಗಸರ ಮುಖದ ಮೇಲೂ ಕೂದಲು ಬರುವುದುಂಟು. ಇವು ಪ್ರಾಣಾಪಾಯವಲ್ಲ, ಆದರೆ ಹದಿನೆಂಟು ವರ್ಷದ ಹುಡುಗಿಗೆ ಕನ್ನಡಿಯ ಮುಂದೆ ನಿಂತಾಗ ಈ ಸಮಾಧಾನವು ಸಾಲದೆಂಬುದನ್ನೂ ನಾವು ಕಂಡಿದ್ದೇವೆ. ಅಂಥವರು ಯಾರಿಗೂ ಹೇಳದೆ ಮಾತ್ರೆಯನ್ನು ಬಿಟ್ಟು ಮೂತ್ರಪಿಂಡವನ್ನು ಕಳೆದುಕೊಳ್ಳುತ್ತಾರೆ. ಚಿಬ್ಬು, ಹುಳುಕಡ್ಡಿ ಮೊದಲಾದ ಬೂಷ್ಟಿನ ರೋಗಗಳು ನಮ್ಮ ಕರಾವಳಿಯ ಸೆಕೆಯಲ್ಲಿ ಆರೋಗ್ಯವಂತರನ್ನೇ ಬಿಡುವುದಿಲ್ಲ, ಕಸಿಯಾದವರನ್ನು ಬಿಡುತ್ತವೆಯೆ? ಇವೆಲ್ಲಕ್ಕೂ ಮದ್ದುಂಟು, ಮುಂದೆ ಹೋಗೋಣ.

ಈಗ ನರಹುಲಿಯ ವಿಷಯ. ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಕೈಯಲ್ಲೋ ಕಾಲಿನಲ್ಲೋ ನರಹುಲಿ ಇರುವವರು ಕೈಯೆತ್ತಿರಿ ಎಂದರೆ, ಒಂದು ಹತ್ತು ಕೈಗಳಾದರೂ ಮೇಲೇಳಬಹುದು. ಅದು ಚರ್ಮದ ಮೇಲ್ಪದರದಲ್ಲಿ ನೆಲೆಸುವ ಒಂದು ವೈರಾಣುವಿನಿಂದ ಆಗತಕ್ಕದ್ದು. ಮಕ್ಕಳಲ್ಲಿ ಅದು ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಉದುರಿಹೋಗುತ್ತದೆ. ಕುದುರೆಯ ಕೂದಲನ್ನು ಕಟ್ಟಿದವರು ಕೂದಲಿನ ಮಹಿಮೆಯೆನ್ನುತ್ತಾರೆ, ಸುಣ್ಣ ಹಚ್ಚಿದವರು ಸುಣ್ಣದ ಮಹಿಮೆಯೆನ್ನುತ್ತಾರೆ. ವಾಸ್ತವವಾಗಿ ಕೆಲಸಮಾಡಿದ್ದು ಬಿಳಿಯ ರಕ್ತಕಣ. (ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚಿ ಬೆರಳನ್ನೇ ಸುಟ್ಟುಕೊಂಡು ಬಂದವರನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ದಯವಿಟ್ಟು ಅದನ್ನು ಮಾಡದಿರಿ.) ಮಾಸ್ತರರಲ್ಲಿ ಆ ಕಣಗಳನ್ನು ಔಷಧವು ಕಟ್ಟಿಹಾಕಿದೆ. ಆದಕಾರಣ ಬಂದ ನರಹುಲಿ ಹೋಗುವುದಿಲ್ಲ, ಒಂದು ಹತ್ತಾಗುತ್ತದೆ.

ಚೀಟಿಯನ್ನು ಬರೆದವರಿಗೆ ನಾವು ಹೇಳಿಕಳುಹಿಸಿದ ಉತ್ತರವು ಇದು. ನರಹುಲಿಯು ಅಂಟತಕ್ಕ ವಸ್ತುವೆಂಬುದು ನಿಜ. ಮೈಗೆ ಮೈ ತಗಲಿದಾಗ, ಒದ್ದೆಯಾದ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಾಗ ಅದು ಒಬ್ಬರಿಂದ ಒಬ್ಬರಿಗೆ ಹೋಗಬಹುದು. ಆದರೆ ಮಕ್ಕಳಿಗೆ ಅದು ಬರುವುದು ಬಹುತೇಕ ಇತರ ಮಕ್ಕಳಿಂದ ಮತ್ತು ಮನೆಯವರಿಂದ. ಪುಸ್ತಕವನ್ನು ತಿದ್ದಿದ ಮಾಸ್ತರರ ಕೈಯಿಂದ ಬರುವುದೆಂದು ಭಯಪಡಲು ಕಾರಣವಿಲ್ಲ. ಅಂಟಿತೆಂದೇ ಇಟ್ಟುಕೊಳ್ಳಿರಿ, ಮಗುವಿನ ಮೈಯಲ್ಲಿ ಅದು ಅಲ್ಪಕಾಲದ ಅತಿಥಿ. ಅಪಾಯವನ್ನು ತೂಗಿ ನೋಡಿದರೆ ತಕ್ಕಡಿಯು ಇನ್ನೊಂದು ಕಡೆಗೆ ವಾಲುತ್ತದೆ. ತರಗತಿಯ ಮಕ್ಕಳ ನೆಗಡಿ, ಕೆಮ್ಮು, ಸೀತಾಳೆ ಸಿಡುಬು, ಇವುಗಳಿಗೆ ಅಂಜಬೇಕಾದವರು ಮಾಸ್ತರರು. ಚೀಟಿಯನ್ನು ಬರೆಯುವುದಾದರೆ ಅವರೇ ಬರೆಯಬೇಕಾಗಿತ್ತು!

ಈ ಮಾತಿಗೆ ಮಾಸ್ತರರು ನಕ್ಕರು. ನಾವೂ ನಕ್ಕೆವು. ನರಹುಲಿಗಳನ್ನು ದ್ರವಸಾರಜನಕದ ಶೈತ್ಯದಿಂದ ಸ್ವಲ್ಪಸ್ವಲ್ಪವಾಗಿ ತೆಗೆಯುವುದೆಂದು ನಿಶ್ಚಯಿಸಿ ಅವರನ್ನು ಕಳುಹಿಸಿಕೊಟ್ಟೆವು. ಇಲ್ಲಿಯೇ ನಮ್ಮಿಂದ ಒಂದು ತಪ್ಪಾಯಿತು. ಕೈಯ ಮೇಲಿದ್ದುದನ್ನು ನೋಡಿದೆವೇ ಹೊರತು, ಮುಂದೆ ಬರಬಹುದಾದುದನ್ನು ಹೇಳಲಿಲ್ಲ.

ಮುಂದೆ ಬಂದದ್ದು ಸರ್ಪಸುತ್ತು.

ಸರ್ಪಸುತ್ತು ಎಂಬ ಹೆಸರನ್ನು ಕೇಳಿದೊಡನೆ ನಿಮ್ಮಲ್ಲಿ ಹಿರಿಯರಾದವರು ಒಂದು ಮಾತನ್ನು ನೆನೆಯುವಿರಿ: ಸರ್ಪದ ತಲೆಯೂ ಬಾಲವೂ ಕೂಡಿದರೆ ಆಳು ಉಳಿಯುವುದಿಲ್ಲ ಎಂದು. ಈ ನಂಬಿಕೆಯನ್ನು ನಾವು ಹಾಸ್ಯಮಾಡುವವರಲ್ಲ. ಇದರಲ್ಲಿ ಒಂದು ನಿಜವಾದ ಅವಲೋಕನೆಯಿದೆ. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು ರೋಗದ ಮೂಲವನ್ನು ತಿಳಿಯೋಣ.

ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪೇಟೆಯಲ್ಲಿ ಎಡ್ಗರ್ ಹೋಪ್‌ಸಿಂಪ್ಸನ್ ಎಂಬ ಸಾಮಾನ್ಯ ವೈದ್ಯರಿದ್ದರು. ದೊಡ್ಡ ಪ್ರಯೋಗಾಲಯದವರಲ್ಲ, ಮನೆಮನೆಗೆ ಹೋಗಿ ಜ್ವರ, ಕೆಮ್ಮುಗಳಿಗೆ ಮದ್ದು ಕೊಡುವವರು. ಅವರು ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳನ್ನೆಲ್ಲ 16 ವರ್ಷಗಳ ಕಾಲ ತಾಳ್ಮೆಯಿಂದ ಲೆಕ್ಕ ಬರೆದಿಟ್ಟರು. ವಯಸ್ಸು ಹೆಚ್ಚಿದಂತೆ ರೋಗವೂ ಹೆಚ್ಚುವುದನ್ನು ಕಂಡರು. 1965ರಲ್ಲಿ ಅವರು ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನು, ಅಂದರೆ ನೀವು ಚಿಕನ್‌ಪಾಕ್ಸ್ ಎನ್ನುವುದನ್ನು, ಉಂಟುಮಾಡಿದ ವೈರಾಣುವು ಗುಳ್ಳೆಗಳು ಒಣಗಿದ ಮೇಲೆ ದೇಹವನ್ನು ಬಿಟ್ಟುಹೋಗುವುದಿಲ್ಲ. ಅದು ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ದೇಹದ ಕಾವಲು ಸಡಿಲವಾದ ದಿನ, ಹತ್ತು ವರ್ಷಕ್ಕೋ ಐವತ್ತು ವರ್ಷಕ್ಕೋ, ಅದು ಎಚ್ಚತ್ತು ಒಂದು ನರದ ದಾರಿಯನ್ನೇ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಸೀತಾಳೆ, ಸರ್ಪಸುತ್ತು ಎರಡರಲ್ಲಿಯೂ ಇರುವುದು ಒಂದೇ ವೈರಾಣುವೆಂಬುದನ್ನು ಅಮೆರಿಕದ ಥಾಮಸ್ ವೆಲ್ಲರ್ ಎಂಬವರು 1950ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ಹೋಪ್‌ಸಿಂಪ್ಸನ್ನರ ಊಹೆಯೂ ಮುಂದಿನ ಸಂಶೋಧನೆಗಳಿಂದ ಸ್ಥಿರಪಟ್ಟಿತು. ವಿದ್ಯಾರ್ಥಿಗಳೆ, ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಹದಿನಾರು ವರ್ಷಗಳ ತಾಳ್ಮೆ: ಅವರ ಸಾಮಗ್ರಿಯು ಅಷ್ಟೇ.

ನರದ ದಾರಿಯನ್ನು ಹಿಡಿದು ಇಳಿಯುವುದರಿಂದಲೇ ಗುಳ್ಳೆಗಳು ಪಟ್ಟಿಯಂತೆ ಏಳುತ್ತವೆ. ಎಡಗಡೆಯ ನರವು ಎಡಗಡೆಗೆ, ಬಲಗಡೆಯದು ಬಲಗಡೆಗೆ. ಮೈಯ ನಡುಗೆರೆಯಲ್ಲಿ ಎರಡೂ ನಿಲ್ಲುತ್ತವೆ. ಆದುದರಿಂದ ಸಾಮಾನ್ಯ ಮನುಷ್ಯನಲ್ಲಿ ಸರ್ಪವು ಅರ್ಧ ಸುತ್ತು ಮಾತ್ರ ಸುತ್ತುತ್ತದೆ. ತಲೆಯೂ ಬಾಲವೂ ಕೂಡುವ ಸಂಭವವು ಬಹಳ ಕಡಿಮೆ. ಆದರೆ ಕಾವಲು ತೀರ ಕುಂದಿದ ದೇಹದಲ್ಲಿ ಆ ವೈರಾಣು ಒಂದೇ ನರಕ್ಕೆ ತೃಪ್ತವಾಗದೆ ಪಕ್ಕದ ನರಗಳಿಗೂ, ನಡುಗೆರೆಯನ್ನು ದಾಟಿ ಇನ್ನೊಂದು ಪಾರ್ಶ್ವಕ್ಕೂ, ರಕ್ತದ ಮೂಲಕ ಮೈಗೆಲ್ಲ, ಕೆಲವೊಮ್ಮೆ ಶ್ವಾಸಕೋಶ, ಪಿತ್ತಜನಕಾಂಗಗಳಿಗೂ ಹರಡುತ್ತದೆ. ಅಂಥವರಲ್ಲಿ ಸಾವೂ ಸಂಭವಿಸುತ್ತದೆ. ಹಿರಿಯರು ಕಂಡಿದ್ದು ಇದನ್ನೇ ಇರಬೇಕು. ಸುತ್ತು ಕೂಡಿದ್ದು ಸಾವಿಗೆ ಕಾರಣವಲ್ಲ. ದೇಹದ ಕಾವಲು ಬಿದ್ದುಹೋದುದೇ ಎರಡಕ್ಕೂ ಕಾರಣ.

ಮಾಸ್ತರರಿಗೆ ಮೊದಲು ಬಂದದ್ದು ನೋವು. ಎಡಗಡೆಯ ಪಕ್ಕೆಯಲ್ಲಿ ಉರಿದಂತೆ, ಚುಚ್ಚಿದಂತೆ. ಗುಳ್ಳೆಯೇಳುವುದಕ್ಕೆ ಎರಡು ಮೂರು ದಿನ ಮುಂಚಿತವಾಗಿ ನೋವು ಬರುವುದು ಈ ರೋಗದ ಲಕ್ಷಣ. ಅದು ವಾಯುವೆಂದು ಬಗೆದು ಅವರು ಜೀರಿಗೆ ಕಷಾಯವನ್ನು ಕುಡಿದರು. ಮೂರನೆಯ ದಿನ ಕೆಂಪು ನೆಲದ ಮೇಲೆ ಮುತ್ತಿನಂಥ ಗುಳ್ಳೆಗಳು ಗೊಂಚಲುಗೊಂಚಲಾಗಿ ಕಾಣಿಸಿದವು. ನೆರೆಕರೆಯವರು ಸರ್ಪಸುತ್ತೆಂದರು, ಆ ಮಟ್ಟಿಗೆ ಅವರ ನಿದಾನವು ಸರಿಯಾಗಿತ್ತು. ಮದ್ದು ಬಲ್ಲವರೆಂದು ಹೆಸರಾದವರೊಬ್ಬರು ಹಸಿಸೊಪ್ಪನ್ನು ಅರೆದು ಹಚ್ಚಿದರು. ಇಷ್ಟೇ ಆಗಿದ್ದರೆ ಹಾನಿಯು ಸ್ವಲ್ಪದಲ್ಲಿ ಮುಗಿಯುತ್ತಿತ್ತು. "ನೀವು ತಿನ್ನುವ ಇಂಗ್ಲಿಷ್ ಮಾತ್ರೆಗಳ ಉಷ್ಣದಿಂದಲೇ ಹೀಗಾದದ್ದು, ಗುಣವಾಗುವ ತನಕ ಅವನ್ನು ನಿಲ್ಲಿಸಿ" ಎಂದು ಯಾರೋ ಹೇಳಿದರು. ಗಣಿತದಲ್ಲಿ ಒಂದು ಹೆಜ್ಜೆಯನ್ನೂ ಹಾರಿಸದ ಮನುಷ್ಯ, ನೋವಿನಲ್ಲಿ ಆ ಮಾತನ್ನು ನಂಬಿ ಮೂರು ದಿನ ಮಾತ್ರೆಗಳನ್ನು ಬಿಟ್ಟರು.

ಆರನೆಯ ದಿನ ಅವರ ಹೆಂಡತಿ ಅವರನ್ನು ಕರೆದುಕೊಂಡು ಬಂದರು. ಪಟ್ಟಿಯು ಎಡಗಡೆಯ ಪಕ್ಕೆಯನ್ನು ಪೂರ್ತಿಯಾಗಿ ಆವರಿಸಿತ್ತು. ಬೆನ್ನಿನ ಬಲಭಾಗದಲ್ಲಿ, ತೊಡೆಯಲ್ಲಿ, ಕಿವಿಯ ಹಿಂದೆ ಬಿಡಿಬಿಡಿ ಗುಳ್ಳೆಗಳು. ಸೊಪ್ಪು ಹಚ್ಚಿದಲ್ಲಿ ಕೀವು. ಅಂದೇ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕಳುಹಿಸಿದೆವು. ಅಲ್ಲಿ ಎಸೈಕ್ಲೊವಿರ್ ಎಂಬ ಮದ್ದನ್ನು ರಕ್ತನಾಳದ ಮೂಲಕ ಕೊಟ್ಟರು. ಹತ್ತು ದಿನಗಳಾದ ಮೇಲೆ ಮನೆಗೆ ಬಂದರು. ಪ್ರಾಣ ಉಳಿಯಿತು, ಮೂತ್ರಪಿಂಡವೂ ಉಳಿಯಿತು. ಆದರೆ ಅದರ ಶಕ್ತಿಯಲ್ಲಿ ಒಂದಂಶವು ಹೋಯಿತು, ಮತ್ತೆ ಬರಲಿಲ್ಲ. ಗುಳ್ಳೆಯ ಗುರುತಿರುವ ಕಡೆ ಅಂಗಿಯ ಬಟ್ಟೆ ತಗಲಿದರೂ ಉರಿಯುವ ನೋವು ತಿಂಗಳುಗಟ್ಟಲೆ ಉಳಿದುಕೊಂಡಿತು.

ಅವರ ಹೆಂಡತಿ ನಮ್ಮನ್ನು ಕೇಳಿದ ಒಂದು ಮಾತು ಇಂದಿಗೂ ಮರೆತಿಲ್ಲ. "ಕೈ ತೋರಿಸಲು ಬಂದ ದಿನವೇ ಇದನ್ನು ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೆ, ಡಾಕ್ಟ್ರೇ? ಕೊಟ್ಟದ್ದು ನನ್ನ ಮೂತ್ರಪಿಂಡವಲ್ಲವೆ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಭಾಷಣವನ್ನು ಆ ಬಾಕಿಯ ಒಂದು ಕಂತೆಂದು ತಿಳಿಯಿರಿ.

ಆದುದರಿಂದ, ಕಸಿಯಾದವರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿರಿ. ಮೈಯ ಒಂದು ಪಕ್ಕದಲ್ಲಿ ಉರಿನೋವು ಬಂದು ಗುಳ್ಳೆಗಳೆದ್ದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮದ್ದು ಗುಳ್ಳೆ ಕಂಡ 72 ಗಂಟೆಗಳೊಳಗೆ ದೇಹವನ್ನು ಸೇರಿದರೆ ಅದರ ಗುಣವು ಹೆಚ್ಚು. ತಡವಾಯಿತೆಂದು ಬಿಡಬಾರದು, ಕಸಿಯಾದವರಿಗೆ ತಡವಾದರೂ ಮದ್ದು ಕೊಡಲೇಬೇಕು. ಮೂಗಿನ ತುದಿಯಲ್ಲಿ ಗುಳ್ಳೆಯೆದ್ದರೆ ಕಣ್ಣಿಗೆ ಅಪಾಯವುಂಟೆಂದು ತಿಳಿದು ಒಂದು ಗಂಟೆಯನ್ನೂ ಕಳೆಯಬಾರದು. ಒಡೆದ ಗುಳ್ಳೆಗೆ ಸೊಪ್ಪು, ಮಣ್ಣು, ಬೂದಿ ಯಾವುದನ್ನೂ ಮೆತ್ತಬಾರದು. ಇನ್ನು ಕಸಿಯ ಮಾತ್ರೆಯ ವಿಷಯ. ಅದನ್ನು ತಗ್ಗಿಸಬೇಕಾಗುವುದುಂಟು, ಭಾರಿಯಾದ ವೈರಾಣು ರೋಗಗಳಲ್ಲಿ ವೈದ್ಯರೇ ಒಂದು ಮಾತ್ರೆಯನ್ನು ಕೆಲವು ದಿನ ಕಡಿಮೆ ಮಾಡುತ್ತಾರೆ. ಆದರೆ ಯಾವುದನ್ನು, ಎಷ್ಟು, ಎಷ್ಟು ದಿನ ಎಂಬುದನ್ನು ರಕ್ತಪರೀಕ್ಷೆಯನ್ನು ನೋಡಿ ಮೂತ್ರಪಿಂಡದ ವೈದ್ಯರು ಹೇಳಬೇಕೇ ಹೊರತು ನೆರೆಕರೆಯವರಲ್ಲ, ಚರ್ಮವೈದ್ಯರಾದ ನಾವೂ ಅಲ್ಲ. ಹಾಗೆಯೇ ಮಾತ್ರೆಯ ಬಲವನ್ನು ಅಕಸ್ಮಾತ್ತಾಗಿ ಏರಿಸುವ ಪದಾರ್ಥಗಳೂ ಉಂಟು. ನಮ್ಮ ಹಿತ್ತಿಲಿನ ಚಕ್ಕೋತದ ಹಣ್ಣು ಅಂಥದೊಂದು. ಟ್ಯಾಕ್ರೊಲಿಮಸ್ ನುಂಗುವವರು ಅದನ್ನು ತಿನ್ನತಕ್ಕದ್ದಲ್ಲ.

ಎಸೈಕ್ಲೊವಿರ್ ಮದ್ದಿನ ಬಗ್ಗೆ ಹೆಣ್ಣುಮಕ್ಕಳಿಗಾಗಿ ಒಂದು ಮಾತು. ಅದನ್ನು 1970ರ ದಶಕದಲ್ಲಿ ಸಿದ್ಧಪಡಿಸಿದ ತಂಡದ ನಾಯಕಿ ನಾವು ಆಗಲೇ ಹೆಸರಿಸಿದ ಗರ್ಟ್ರೂಡ್ ಎಲಿಯನ್. ಕಸಿಗಾಗಿ ಕಾವಲನ್ನು ತಗ್ಗಿಸುವ ಮದ್ದನ್ನು ಕೊಟ್ಟ ಕೈಯೇ, ಕಾವಲು ತಗ್ಗಿದಾಗ ನುಗ್ಗುವ ವೈರಾಣುವಿಗೂ ಮದ್ದನ್ನು ಕೊಟ್ಟಿತು. ಹೆಂಗಸೆಂಬ ಕಾರಣಕ್ಕೆ ಆರಂಭದಲ್ಲಿ ಆಕೆಗೆ ಪ್ರಯೋಗಾಲಯದಲ್ಲಿ ಕೆಲಸವೇ ಸಿಕ್ಕಿರಲಿಲ್ಲ. ಪಿಎಚ್‌.ಡಿ. ಪದವಿಯ ವ್ಯಾಸಂಗವನ್ನು ಅವರು ಪೂರೈಸಲೂ ಆಗಲಿಲ್ಲ. 1988ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಇನ್ನು ಚರ್ಮದ ಅರ್ಬುದ, ಅಂದರೆ ಕ್ಯಾನ್ಸರ್. ಬಿಳಿಯ ಚರ್ಮದವರ ದೇಶಗಳಲ್ಲಿ ಕಸಿಯಾದವರಿಗೆ ಇದೊಂದು ದೊಡ್ಡ ಭಯ. ನಾರ್ವೆಯಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಸಿಯಾದವರಲ್ಲಿ ಒಂದು ಬಗೆಯ ಚರ್ಮದ ಅರ್ಬುದವು ಇತರರಿಗಿಂತ ಸುಮಾರು 65 ಪಟ್ಟು ಹೆಚ್ಚಾಗಿ ಕಂಡುಬಂದಿತು. ನಮ್ಮ ಕಪ್ಪು, ಕಂದು ಚರ್ಮದ ಬಣ್ಣವು ಬಿಸಿಲಿಗೆ ಹಿಡಿದ ಕೊಡೆಯಂತಿದ್ದು, ನಮ್ಮಲ್ಲಿ ಇದು ಬಹಳ ಕಡಿಮೆ. ಬಿಳಿಯ ಬಣ್ಣದ ಹಂಬಲದಿಂದ ಏನೇನನ್ನೋ ಹಚ್ಚಿಕೊಳ್ಳುವವರು ಇದನ್ನು ಒಮ್ಮೆ ಯೋಚಿಸಬೇಕು. ಆದರೂ ಕಸಿಯಾದವರು ನಡುಮಧ್ಯಾಹ್ನದ ಬಿಸಿಲಿಗೆ ಕೊಡೆ ಹಿಡಿಯಬೇಕು. ತಿಂಗಳಾದರೂ ಮಾಯದ ಹುಣ್ಣನ್ನು, ಚರ್ಮದ ಮೇಲೋ ಬಾಯಿಯೊಳಗೋ ಕಾಣಿಸಿಕೊಂಡ ನೇರಳೆ ಬಣ್ಣದ ಮಚ್ಚೆಯನ್ನು ತೋರಿಸಬೇಕು. ಈ ನೇರಳೆಯ ಮಚ್ಚೆಯನ್ನು 1872ರಲ್ಲಿ ಕಾಪೋಸಿ ಎಂಬ ವೈದ್ಯರು ಮೊದಲು ವರ್ಣಿಸಿದರು. ಅದರ ಹಿಂದಿರುವ ವೈರಾಣು ತಿಳಿದದ್ದು 1994ರಲ್ಲಿ. ಕಸಿಯ ಮದ್ದನ್ನು ಬದಲಿಸಿದರೆ ಅದು ಕರಗಿಹೋಗುವುದೂ ಉಂಟೆಂಬುದು ಇತ್ತೀಚಿನ ಸಂತೋಷದ ಸಂಗತಿ. ನಾವು ಅಡಿಕೆಯನ್ನು ಬೆಳೆಯುವ ನಾಡಿನವರು, ಹೇಳಲು ಸಂಕೋಚವೇ. ಆದರೂ ಕಸಿಯಾದವರು ಎಲೆಅಡಿಕೆಯನ್ನು ಬಿಡುವುದು ಒಳ್ಳೆಯದು. ಬಾಯಿಯ ಕ್ಯಾನ್ಸರು ಕಾವಲಿರುವವರನ್ನೇ ಬಿಡುವುದಿಲ್ಲ.

ಕೊನೆಯದಾಗಿ ಮಕ್ಕಳಿಗೂ ತಾಯ್ತಂದೆಗಳಿಗೂ ಸೇರಿದ ಕಾರ್ಯ. ಸರ್ಪಸುತ್ತು ಬಂದವರಿಂದ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಗಲಿದರೆ, ಹಿಂದೆ ಸೀತಾಳೆ ಬಾರದ ಮಗುವಿಗೆ ಸೀತಾಳೆ ಬರಬಹುದು. ಆದುದರಿಂದ ಗುಳ್ಳೆಗಳು ಒಣಗಿ ಹೊಪ್ಪಳೆಯಾಗುವ ತನಕ ಅವನ್ನು ಬಟ್ಟೆಯಿಂದ ಮುಚ್ಚಿ ಮಕ್ಕಳಿಂದ ದೂರವಿರುವುದು ಸರಿ. ಮಾಸ್ತರರು ಹಾಗೆಯೇ ಮಾಡಿದರು. ಸೀತಾಳೆ ಸಿಡುಬು ಮಾತ್ರ ಗಾಳಿಯಿಂದಲೂ ಹರಡತಕ್ಕದ್ದು. ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ತೊಡಗಿ, ಎಲ್ಲ ಗುಳ್ಳೆಗಳೂ ಹೊಪ್ಪಳೆಗಟ್ಟುವ ತನಕ ಹರಡುತ್ತಿರುತ್ತದೆ. ಬಾಲ್ಯದಲ್ಲಿ ಅದು ಬಾರದೆಯೇ ಕಸಿಯಾದವರಿಗೆ ಈಗ ಬಂದರೆ ಅದು ಮಕ್ಕಳಿಗೆ ಬರುವ ಸೌಮ್ಯ ರೋಗವಲ್ಲ. ಅಂಥವರು ರೋಗಿಯ ಸಮೀಪದಲ್ಲಿದ್ದರೆಂದು ಬೇಗನೆ ತಿಳಿದರೆ ತಡೆಯಲು ಉಪಾಯವುಂಟು. ಗುಳ್ಳೆಯೆದ್ದ ಮೇಲೆ ತಿಳಿದರೆ ಕಷ್ಟ. ಆದಕಾರಣ, ಪರೀಕ್ಷೆ ತಪ್ಪೀತೆಂಬ ಚಿಂತೆಯಿಂದ ಗುಳ್ಳೆಯ ಮೇಲೆ ಪೌಡರು ಬಳಿದು ಮಗುವನ್ನು ಶಾಲೆಗೆ ಕಳುಹಿಸುವ ಅಭ್ಯಾಸವನ್ನು ತಾಯಂದಿರು ಬಿಡಬೇಕೆಂದು ಬೇಡುತ್ತೇವೆ.

ಸೀತಾಳೆಗೆ ಲಸಿಕೆಯುಂಟು. 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ಎಂಬವರು ಸಿದ್ಧಪಡಿಸಿದ್ದು. ಸರಕಾರವು ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ಲಸಿಕೆಗಳಲ್ಲಿ ಅದು ಸೇರಿಲ್ಲ; ಹಣ ಕೊಟ್ಟು ಹಾಕಿಸಬೇಕು. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುವಿರುವುದರಿಂದ, ಕಸಿಯಾಗಬೇಕಾದವರು ಕಸಿಗೆ ಮೊದಲೇ ಅದನ್ನು ಹಾಕಿಸಿಕೊಂಡಿರಬೇಕು. ಆಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಸರ್ಪಸುತ್ತನ್ನು ತಡೆಯಲು ಜೀವಂತ ವೈರಾಣುವಿಲ್ಲದ ಬೇರೊಂದು ಲಸಿಕೆಯು 2017ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಗಿ, 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಅದನ್ನು ಕಸಿಯಾದವರೂ ಎರಡು ಸಲ ಹಾಕಿಸಿಕೊಳ್ಳಬಹುದು. ಬೆಲೆಯು ಬಡವರ ಕೈಗೆ ಎಟಕುವಂತಿಲ್ಲ. ಸಂಘದ ಧರ್ಮನಿಧಿಯವರು ಈ ಮಾತನ್ನು ಕೇಳಿಸಿಕೊಂಡರೆಂದು ನಂಬುತ್ತೇವೆ. ಕಸಿಯಾದವರಿರುವ ಮನೆಯ ಕೂಸಿಗೆ ಪೋಲಿಯೊ ಹನಿಯನ್ನು ಹಾಕಿಸುವ ಮೊದಲು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ. ಹನಿಯ ಬದಲು ಚುಚ್ಚುಮದ್ದನ್ನು ಕೊಡುವ ಕ್ರಮವುಂಟು.

ಈ ವರ್ಷದಿಂದ ಸೀತಾಳೆ ಕಂಡ ಮಗುವಿನ ಹೆಸರನ್ನೂ ತರಗತಿಯನ್ನೂ ಬರೆದಿಡಲು ಒಂದು ಪುಸ್ತಕವನ್ನು ತಮ್ಮ ಕೊಠಡಿಯಲ್ಲಿ ಇರಿಸುವುದಾಗಿ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಕಸಿಯಾದವರು ಯಾರ ಮನೆಯಲ್ಲಿದ್ದಾರೆಂಬುದನ್ನು ಮಾತ್ರ ಅದರಲ್ಲಿ ಬರೆಯುವುದಿಲ್ಲ. ಅದನ್ನು ಅವರು ಬೇರೆಯಾಗಿ, ಗುಟ್ಟಾಗಿ ತಿಳಿದುಕೊಂಡು, ತರಗತಿಯಲ್ಲಿ ಸೀತಾಳೆ ಕಂಡ ದಿನವೇ ಆ ಮನೆಗೆ ಹೇಳಿಕಳುಹಿಸುವರು. ಸಭೆಯು ಮುಗಿದ ಮೇಲೆ ನಾವು ಅರ್ಧ ಗಂಟೆ ಆ ಮೂಲೆಯ ತರಗತಿಯಲ್ಲಿ ಕುಳಿತಿರುತ್ತೇವೆ. ಕೇಳಬೇಕಾದುದು ಉಳ್ಳವರು ಅಲ್ಲಿಗೆ ಬರಬಹುದು. ನರಹುಲಿ ತೋರಿಸಬೇಕೆನ್ನುವ ಮಕ್ಕಳೂ ಸಾಲಾಗಿ ಬರಲಿ.